ಗೇಮ್ ಡಬ್ಬಿಯಲ್ಲಿ ಮ್ಯಾನುವಲ್ ಇಲ್ಲ ಅಂದರೆ ಡುಪ್ಲಿಕೇಟಾ?

ಪ್ರಶ್ನೆ: "ಸರ್ರ, ನಿಂಟೆಂಡೊ ಸ್ವಿಚ್ ಗೇಮ್ ತಗೊಂಡೆ. ಡಬ್ಬಿ ತಗದ್ರ ಬರೇ ಕಾರ್ಡ್ ಐತ್ರಿ, ಮ್ಯಾನುವಲ್ ಇಲ್ಲ. ಅಂಗಡಿಯವ್ರು ತಗದ ಇಟ್ಕೊಂಡ್ರೇನು? ಒರಿಜಿನಲ್ ಪಿಡಿಎಫ್ ಇದ್ರ ಕಳಸ್ರಿ, ಪ್ರಿಂಟ್ ಹಾಕಸ್ತೀನಿ." (ಜಮಖಂಡಿಯ ಓದುಗರೊಬ್ಬರು)

ಇದೇ ಪ್ರಶ್ನೆ ಹೋದ ತಿಂಗಳು ವಿಜಯಪುರದಿಂದ ಬಂದಿತ್ತು. ಅದಕ್ಕೂ ಮೊದಲು ಗೋಕಾಕದಿಂದ. ಒಬ್ಬೊಬ್ಬರಿಗೇ ಬರೆದು ಸಾಕಾಗಿದೆ, ಈ ಸಲ ಎಲ್ಲರಿಗೂ ಸೇರಿಸಿ ಪೂರ್ತಿ ಬರೆಯುತ್ತೇನೆ.

ಮ್ಯಾನುವಲ್, ಅಂದರೆ ಆಟ ಆಡುವುದು ಹೇಗೆ ಅಂತ ಹೇಳುವ ಪುಸ್ತಕ, ಇಲ್ಲ ಅನ್ನೋ ಒಂದೇ ಕಾರಣಕ್ಕೆ ಗೇಮ್ ಡುಪ್ಲಿಕೇಟ್ ಆಗುವುದಿಲ್ಲ. 2017ರಲ್ಲಿ ಸ್ವಿಚ್ ಅನ್ನೋ ಈ ಗೇಮ್ ಯಂತ್ರ ಬಂದಾಗಿನಿಂದ ಅದರ ಬಹುತೇಕ ಗೇಮುಗಳಿಗೆ ಕಾಗದದ ಮ್ಯಾನುವಲ್ ಮುದ್ರಣವೇ ಆಗಿಲ್ಲ. ಇಲ್ಲದ್ದನ್ನು ಅಂಗಡಿಯವರು ಹೇಗೆ ತೆಗೆದಿಟ್ಟುಕೊಳ್ಳುತ್ತಾರೆ?

ಇಷ್ಟು ಹೇಳಿದ ಕೂಡಲೇ ಎಲ್ಲರೂ ಒಂದೇ ಮಾತು ಎತ್ತುತ್ತಾರೆ. "ಡಬ್ಬಿಯ ಎಡಗಡೆ ಪುಸ್ತಕ ಸಿಕ್ಕಿಸುವ ಕ್ಲಿಪ್ ಇದೆಯಲ್ಲ? ಕ್ಲಿಪ್ ಇದೆ ಅಂದರೆ ಪುಸ್ತಕ ಇತ್ತು ಅಂತಲೇ ಅಲ್ವಾ?" ಅಲ್ಲ. ಡಬ್ಬಿಯ ಅಚ್ಚು ಎಲ್ಲ ಗೇಮುಗಳಿಗೂ ಒಂದೇ. ಕೆಲವು ಗೇಮುಗಳ ಜೊತೆ ಸಣ್ಣ ಪುಸ್ತಕವೋ ಚೀಟಿಯೋ ಬರುತ್ತದೆ, ಅವಕ್ಕೆ ಕ್ಲಿಪ್ ಬೇಕು. ಮಿಕ್ಕವುಗಳಲ್ಲಿ ಅದು ಖಾಲಿ ಇರುತ್ತದೆ. ನಮ್ಮ ಹಳೇ ಮನೆಗಳ ಗೋಡೆಯಲ್ಲಿ ದೀಪ ಇಡುವ ಮಾಡ ಇರುತ್ತದಲ್ಲ, ಹಾಗೆ. ಮಾಡ ಖಾಲಿ ಇದೆ ಅಂತ ದೀಪ ಕಳುವಾಗಿದೆ ಎಂದು ಯಾರೂ ದೂರು ಕೊಡುವುದಿಲ್ಲ.

ಈ ಅನುಮಾನ ಹುಟ್ಟಿದ್ದು ಎಲ್ಲಿಂದ ಅಂತ ನನಗೆ ಗೊತ್ತು. ಪಿಎಸ್2 (ಪ್ಲೇಸ್ಟೇಷನ್ 2) ಕಾಲದಲ್ಲಿ ಡಿಸ್ಕಿನ ಎದುರಿಗೆ ಪುಸ್ತಕ ಇದ್ದೇ ಇರುತ್ತಿತ್ತು. ಸೆಕೆಂಡ್ ಹ್ಯಾಂಡ್ ತಗೊಂಡಾಗ ಅದು ಇಲ್ಲದಿದ್ದರೆ ನಿಜವಾಗಿಯೂ ಕಳೆದಿದೆ ಅಂತ ಅರ್ಥ. ಇನ್ನೂ ಹಿಂದೆ ಹೋದರೆ ಕಾಗದವೇ ಆಟದ ಭಾಗವಾಗಿತ್ತು. 1990ರ 'ಸ್ಟಾರ್‌ಟ್ರಾಪಿಕ್ಸ್' ಗೇಮಿನ ಡಬ್ಬಿಯಲ್ಲಿ ಒಂದು ಪತ್ರ ಇತ್ತು. ಅದನ್ನು ನೀರಲ್ಲಿ ನೆನೆಸಿದರೆ 747 ಅನ್ನೋ ಸಂಖ್ಯೆ ಮೂಡುತ್ತಿತ್ತು. ಆ ಸಂಖ್ಯೆ ಗೊತ್ತಿಲ್ಲದಿದ್ದರೆ ಆಟ ಮುಂದೆ ಸಾಗುತ್ತಿರಲಿಲ್ಲ.

ಆ ಕಾಲ ಮುಗಿಯಿತು. 2010ರಲ್ಲಿ ಗೇಮ್ ತಯಾರಿಸುವ ಯೂಬಿಸಾಫ್ಟ್ ಕಂಪನಿ ಕಾಗದದ ಮ್ಯಾನುವಲ್ ನಿಲ್ಲಿಸುತ್ತೇವೆ ಎಂದು ಬಹಿರಂಗವಾಗಿಯೇ ಹೇಳಿತು. ಮರುವರ್ಷ ಇಎ (ಎಲೆಕ್ಟ್ರಾನಿಕ್ ಆರ್ಟ್ಸ್) ಕಂಪನಿ ಕೂಡ ಅದೇ ದಾರಿ ಹಿಡಿಯಿತು. ಮುದ್ರಣದ ಖರ್ಚು ಉಳಿಯಿತು. ಆಟವೇ ಮೊದಲ ಹತ್ತು ನಿಮಿಷದಲ್ಲಿ ಎಲ್ಲ ಕಲಿಸತೊಡಗಿತು. ಅಪ್‌ಡೇಟ್ ಬಂದು ಆಟ ಬದಲಾದರೆ ಅಚ್ಚಾದ ಪುಟ ಸುಳ್ಳಾಗುತ್ತದೆ ಅನ್ನುವುದೂ ಒಂದು ಕಾರಣ.

ಇದನ್ನೇ ಹಿಡಿದುಕೊಂಡು ಇಷ್ಟು ಹೇಳುತ್ತಿರುವುದಕ್ಕೆ ಕಾರಣ ಇದೆ. ನನ್ನ ಪರಿಚಯದ ಹುಡುಗನೊಬ್ಬ 'ಒರಿಜಿನಲ್ ಮ್ಯಾನುವಲ್' ಅಂತ ನಂಬಿ ಜಾಸ್ತಿ ದುಡ್ಡು ಕೊಟ್ಟ. ಆ ಗೇಮಿಗೆ ಕಂಪನಿ ಪುಸ್ತಕ ಕೊಟ್ಟೇ ಇರಲಿಲ್ಲ. ಅವನ ಕೈಗೆ ಬಂದದ್ದು ಯಾರೋ ಅಭಿಮಾನಿ ಪ್ರೀತಿಯಿಂದ ಮಾಡಿದ ಪುಸ್ತಕದ ಕಲರ್ ಜೆರಾಕ್ಸ್. ಇಂಥ ಅಭಿಮಾನಿ ಪುಸ್ತಕಗಳನ್ನು ನಾನೂ ಮಾಡುತ್ತೇನೆ. ಅದಕ್ಕೇ ನನ್ನ ಪ್ರತಿ ಪುಸ್ತಕದ ಕೊನೆಯ ಪುಟದಲ್ಲಿ 'ಅಭಿಮಾನಿ ಮುದ್ರಣ, ಮಾರಾಟಕ್ಕಲ್ಲ' ಎಂದು ಅಚ್ಚು ಹಾಕಿಸುತ್ತೇನೆ. ನೀವೂ ಹಾಕಿಸಿ. ಚಿತ್ರಗಳ ಹಕ್ಕು ಕಂಪನಿಯದು. ನಿಮ್ಮ ಕಪಾಟಿಗೆ ಒಂದು ಪ್ರತಿ ಮಾಡಿಕೊಳ್ಳುವುದು ಬೇರೆ, ಮಾರುವುದು ಬೇರೆ.

ಈಗ ಅಂಥ ಪುಸ್ತಕವನ್ನು ನೀವೇ ಮಾಡಿಕೊಳ್ಳುವುದಾದರೆ, ಮುದ್ರಣದ ವಿಚಾರ. ಮೊದಲು ಡಬ್ಬಿಯ ಒಳಗಡೆ ಸ್ಕೇಲ್ ಇಟ್ಟು ಅಳೆಯಿರಿ. ಸ್ವಿಚ್ ಡಬ್ಬಿಯ ಹೊರ ಅಳತೆ ಸುಮಾರು 17 ಸೆಂ.ಮೀ. ಎತ್ತರ, 10.5 ಸೆಂ.ಮೀ. ಅಗಲ. ಪುಸ್ತಕ ಇದಕ್ಕಿಂತ ಚಿಕ್ಕದಿರಬೇಕು. ಎ4 ಹಾಳೆಯನ್ನು ಸುಮ್ನೆ ಮಡಚಿದರೆ ಎ5 ಆಗುತ್ತದೆ, ಡಬ್ಬಿ ಮುಚ್ಚುವುದಿಲ್ಲ. ಪುಟಗಳ ಸಂಖ್ಯೆ 4ರಿಂದ ಭಾಗವಾಗಬೇಕು: 12, 16, 20. ಹದಿನೆಂಟು ಪುಟ ತರುವವರಿಗೆ ನಾನು ಹೇಳುವುದು ಇಷ್ಟೇ: ಒಂದು ಹಾಳೆ ಮಡಚಿ, ಮುಖಗಳನ್ನು ಎಣಿಸಿ. 16 ಪುಟದ ಪುಸ್ತಕದಲ್ಲಿ, ಬಿಚ್ಚಿದ ಹಾಳೆಯ ಒಂದೇ ಬದಿಯಲ್ಲಿ ಅಕ್ಕಪಕ್ಕ ಅಚ್ಚಾಗುವ ಎರಡು ಪುಟಗಳ ಮೊತ್ತ ಯಾವಾಗಲೂ 17. ಒಂದರ ಪಕ್ಕ ಹದಿನಾರು, ಎರಡರ ಪಕ್ಕ ಹದಿನೈದು. ಇದನ್ನು ನೆನಪಿಟ್ಟುಕೊಂಡರೆ ಪುಟ ಅದಲುಬದಲಾಗುವುದಿಲ್ಲ.

ಒಳಪುಟಕ್ಕೆ 130 ಜಿಎಸ್ಎಂ (ಕಾಗದದ ತೂಕದ ಅಳತೆ) ಆರ್ಟ್ ಪೇಪರ್ ಸಾಕು. ದಪ್ಪ ಕಾಗದ ಹಾಕಿಸಿದರೆ ಪುಸ್ತಕ ಬಾಯಿ ತೆರೆದುಕೊಂಡೇ ಇರುತ್ತದೆ. ಬೆಳಗಾವಿಯಲ್ಲಿ ನಾನು ಲಗ್ನಪತ್ರಿಕೆ ಮಾಡುವ ಪ್ರೆಸ್ಸಿಗೇ ಹೋಗುತ್ತೇನೆ. ಮಡಿಕೆ ಬಿರುಕು ಬಿಡದ ಹಾಗೆ ಕ್ರೀಸಿಂಗ್ ಮಾಡುವ ಕೈ ಅವರದು. ಸೆಂಟರ್ ಪಿನ್ ಹೊಡೆದ ಮೇಲೆಯೇ ಅಂಚು ಕಟಿಂಗ್ ಮಾಡಿಸಿ. ಮೊದಲೇ ಕತ್ತರಿಸಿದರೆ ನಡುವಿನ ಹಾಳೆಗಳು ಹೊರಗೆ ಇಣುಕುತ್ತವೆ. ನಮ್ಮೂರಿನ ಜುಲೈ ಮಳೆಗೆ ಪಿನ್ ತುಕ್ಕು ಹಿಡಿಯುತ್ತದೆ, ಹಾಗಾಗಿ ನನ್ನ ಸ್ವಂತದ ಪುಸ್ತಕಗಳನ್ನು ಈಗ ದಾರದಲ್ಲಿ ಹೊಲಿಯುತ್ತೇನೆ.

ಒಂದು ಪ್ರಶ್ನೆಯನ್ನು ಮಾತ್ರ ಯಾರೂ ಕೇಳಿಲ್ಲ. ಕೇಳಲಿ ಅಂತ ಕಾಯುತ್ತಿದ್ದೆ. ಕಂಪನಿಯ ಪುಸ್ತಕವೇ ಇಲ್ಲದ ಮೇಲೆ, ನಾವು ಬರೆಯುವ ಪುಸ್ತಕ ಇಂಗ್ಲಿಷಿನಲ್ಲೇ ಯಾಕೆ ಇರಬೇಕು?

ಟಿವಿ ಗೇಮಿಗೆ '9999 ಗೇಮಿನ ಕ್ಯಾಸೆಟ್' ಹಾಕಿ ಆಡಿದವರು ನಾವು. ಅದಕ್ಕೆ ಮ್ಯಾನುವಲ್ ಎಲ್ಲಿತ್ತು? ಓಣಿಯ ದೊಡ್ಡ ಹುಡುಗರ ಬಾಯಿಯೇ ನಮ್ಮ ಮ್ಯಾನುವಲ್. "ಮ್ಯಾಲ ಮ್ಯಾಲ, ಕೆಳಗ ಕೆಳಗ, ಎಡಕ ಬಲಕ, ಎಡಕ ಬಲಕ, ಬಿ, ಎ." ಈ ಕ್ರಮದಲ್ಲಿ ಬಟನ್ ಒತ್ತಿದರೆ 'ಕಾಂಟ್ರಾ' ಗೇಮಿನಲ್ಲಿ 3 ಜೀವ 30 ಆಗುತ್ತಿದ್ದವು. ಅದು ಜಪಾನಿನ ಕಝುಹಿಸಾ ಹಾಶಿಮೊಟೊ ಅವರು 'ಗ್ರೇಡಿಯಸ್' ಗೇಮನ್ನು ಪರೀಕ್ಷಿಸಲು ತಮ್ಮ ಅನುಕೂಲಕ್ಕೆ ಇಟ್ಟುಕೊಂಡಿದ್ದ ಸಂಕೇತ. ನಮ್ಮ ಓಣಿಗೆ ಅದು ಬಂದು ಸೇರಿದ್ದು ಕನ್ನಡದಲ್ಲಿ.

ಹಾಗಾಗಿ ನಾನೀಗ 16 ಪುಟದ ಒಂದು ಪುಸ್ತಕವನ್ನು ಕನ್ನಡದಲ್ಲೇ ಬರೆಯುತ್ತಿದ್ದೇನೆ. 'ಲೈಫ್'ಗೆ ಜೀವ ಅಂತಲೇ ಹಾಕಿದ್ದೇನೆ, ಹುಡುಗರು ಹೇಳುತ್ತಿದ್ದುದೇ ಹಾಗೆ. ಸ್ಟೇಜ್, ಬಟನ್ ಹಾಗೇ ಇವೆ. 'ಚೆಕ್‌ಪಾಯಿಂಟ್', ಅಂದರೆ ಜೀವ ಹೋದ ಮೇಲೆ ಆಟ ಮತ್ತೆ ಶುರುವಾಗುವ ಜಾಗ, ಅದೊಂದಕ್ಕೆ ಪದ ಸಿಕ್ಕಿಲ್ಲ. 'ತಂಗುದಾಣ' ಹಾಕಿ ನೋಡಿದೆ, ಬಸ್ಸಿನ ನೆನಪು ಬರುತ್ತದೆ. ಜಮಖಂಡಿ ಕಡೆ ಹುಡುಗರು ಆಡುವಾಗ ಅದಕ್ಕೆ ಏನಂತಾರೆ? ಕೇಳಿ ತಿಳಿಸಿ. ಒಂಬತ್ತನೇ ಪುಟ ಅಲ್ಲಿಗೇ ನಿಂತಿದೆ.