ಅಪ್ಪ ಹೋಗಿ ಎರಡು ತಿಂಗಳಾಗಿಲ್ಲ, ಭಜನೆಯಲ್ಲಿ ಖುಷಿ ಆಯಿತು. ಇದು ತಪ್ಪಾ?

ಪ್ರಶ್ನೆ: ಅಪ್ಪ ತೀರಿಕೊಂಡು ಇನ್ನೂ ಎರಡು ತಿಂಗಳಾಗಿಲ್ಲ. ಮೊನ್ನೆ ಅಮಾವಾಸ್ಯೆಗೆ ಊರಿನ ಮಠದಲ್ಲಿ ಭಜನೆಗೆ ಕೂತಿದ್ದೆ. ಹಾಡುತ್ತಾ ಹಾಡುತ್ತಾ ಮನಸ್ಸು ತುಂಬಿ ಬಂತು, ಅದೂ ಸಂತೋಷದಿಂದ. ಮನೆಗೆ ಬಂದ ಮೇಲೆ ನಾಚಿಕೆ ಆಯಿತು. ಇಷ್ಟು ಬೇಗ ಅಪ್ಪನನ್ನು ಮರೆತುಬಿಟ್ಟೆನಾ?

ಉತ್ತರ: ಇಲ್ಲ. ಮರೆತಿದ್ದರೆ ನಾಚಿಕೆಯೂ ಆಗುತ್ತಿರಲಿಲ್ಲ, ಅಲ್ವಾ?

ದುಃಖ ಪೂರ್ತಿ ಮುಗಿದ ಮೇಲೆ ಸಂತೋಷದ ಪಾಳಿ ಬರುತ್ತದೆ ಅಂತ ನಾವು ಅಂದುಕೊಂಡಿರುತ್ತೇವೆ. ನಮ್ಮ ಹಿರಿಯರು ಹಾಗೆ ತಿಳಿದಿರಲಿಲ್ಲ. ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಲಿಂಗಾಯತರ ಮನೆಯಲ್ಲಿ ಸಾವಾದಾಗ ಏನು ನಡೆಯುತ್ತದೆ ನೋಡಿ. ದೇಹವನ್ನು ಗೋಡೆಗೆ ಒರಗಿಸಿ ಕೂರಿಸುತ್ತಾರೆ. ಹಣೆಗೆ ವಿಭೂತಿ, ಕೊರಳಿಗೆ ಹೂವಿನ ಹಾರ. ಎದುರಿಗೆ ಭಜನಾ ಮೇಳ ಬಂದು ಕೂರುತ್ತದೆ. ಪೇಟಿ, ತಬಲಾ, ದಮ್ಮಡಿ, ತಾಳ, ಎಲ್ಲಾ ಇರುತ್ತದೆ. ಒಂದು ಮೂಲೆಯಲ್ಲಿ ಹೆಣ್ಣುಮಕ್ಕಳು ಹೋದವರ ಗುಣ ಎತ್ತಿ ಆಡಿ ಅಳುತ್ತಿರುತ್ತಾರೆ, ಇನ್ನೊಂದು ಕಡೆ ಬೆಳಗಿನ ತನಕ ಪದ ನಡೆದಿರುತ್ತದೆ. ಎರಡೂ ಒಂದೇ ಪಡಸಾಲೆಯಲ್ಲಿ. ಅಳುವವರಿಗೆ ಸುಮ್ಮನಿರಿ ಅಂತ ಯಾರೂ ಹೇಳುವುದಿಲ್ಲ, ಹಾಡುವವರಿಗೂ ಹೇಳುವುದಿಲ್ಲ. ಹೋದವರನ್ನು ಲಿಂಗೈಕ್ಯರಾದರು ಅನ್ನುತ್ತಾರೆ, ಅಂದರೆ ಲಿಂಗದಲ್ಲಿ ಒಂದಾದರು. ಹಾಗೆ ನಂಬಿದವರಿಗೆ ಹಾಡುವುದಕ್ಕೂ ಕಾರಣವಿದೆ, ಅಗಲಿದ್ದಕ್ಕೆ ಅಳುವುದಕ್ಕೂ ಕಾರಣವಿದೆ.

ಆ ರಾತ್ರಿ ಶಿಶುನಾಳ ಶರೀಫರ (1819–1889) ತತ್ವಪದಗಳನ್ನೂ ಹಾಡುತ್ತಾರೆ. ಮಾತು ಬದುಕಿನ ಮೋಹದ್ದು, ದೇಹ ಬಿಟ್ಟು ಹೋಗುವುದರದ್ದು. ಧಾಟಿ ಮಾತ್ರ ಕಾಲಿನಲ್ಲಿ ತಾಳ ಹಾಕಿಸುವಂಥದ್ದು!

ನಮ್ಮ ಅವ್ವ ಹೋದ ರಾತ್ರಿ ನನಗೆ ಒಂದು ಸಾಲೂ ಹಾಡಲು ಆಗಲಿಲ್ಲ. ಬಾಯಿ ತೆರೆದರೆ ಅಳುವೇ ಬರುತ್ತಿತ್ತು. ಮೇಳದ ಹಿರಿಯರೊಬ್ಬರು ನನ್ನ ಕೈಗೆ ತಾಳ ಕೊಟ್ಟರು, ಮಾತೇನೂ ಆಡಲಿಲ್ಲ. ಸುಮ್ನೆ ಬಾರಿಸುತ್ತಾ ಕೂತೆ. ಮುಂದಿನವರು ಒಂದು ಸಾಲು ಎತ್ತುತ್ತಾರೆ, ಹಿಂದಿನವರು ಅದನ್ನೇ ಹಿಡಿದು ಹಾಡುತ್ತಾರೆ. ನಸುಕಿನ ಹೊತ್ತಿಗೆ ನಾನೂ ಹಿಂದಿನವರ ಜೊತೆ ದನಿ ಸೇರಿಸಿದೆ. ನಡುವೆ ಗಂಟಲು ಕಟ್ಟಿತು. ಆದರೆ ಪದ ನಿಲ್ಲಲಿಲ್ಲ. ನಾನು ಬಿಟ್ಟ ಸಾಲನ್ನು ಪಕ್ಕದವರು ಮುಗಿಸಿದರು. ಆ ಕ್ಷಣಕ್ಕೆ ಎದೆಯೊಳಗೆ ಏನೋ ಹಗುರಾಯಿತು. ಅವ್ವ ಎದುರಿಗೇ ಕೂತಿದ್ದಳು, ದುಃಖ ಒಂದು ಚೂರೂ ಕಮ್ಮಿ ಆಗಿರಲಿಲ್ಲ. ಆದರೂ ಅದು ಸಂತೋಷವೇ. ಅದಕ್ಕೆ ಬೇರೆ ಹೆಸರು ನನಗೆ ಇವತ್ತಿಗೂ ಸಿಕ್ಕಿಲ್ಲ.

ಇದರಲ್ಲಿ ದೇಹದ ಪಾಲೂ ಇದೆ. ಉದ್ದನೆಯ ಸಾಲು ಹಾಡಬೇಕಾದರೆ ಉಸಿರನ್ನು ನಿಧಾನವಾಗಿ ಬಿಡಬೇಕು. ಹಾಗೆ ಬಿಡುತ್ತಾ ಹೋದರೆ ಎದೆಬಡಿತ ಇಳಿಯುತ್ತದೆ, ಬಿಗಿದ ಮೈ ಸಡಿಲವಾಗುತ್ತದೆ. ದೇವರ ಕೃಪೆ ಉಸಿರಿನ ದಾರಿಯಲ್ಲೇ ಬಂದರೆ ತಪ್ಪೇನು?

ಒಂದು ವಿಷಯದಲ್ಲಿ ಮಾತ್ರ ನನಗೆ ಸಿಟ್ಟಿದೆ. "ದೇವರನ್ನು ನಂಬಿದವರು ಅಳಬಾರದು" ಅಂತ ದುಃಖದಲ್ಲಿರುವವರಿಗೆ ಹೇಳುವವರಿದ್ದಾರೆ. ದಯವಿಟ್ಟು ಹಾಗೆ ಹೇಳಬೇಡಿ. ಈ ಸಂತೋಷ ಬಲವಂತಕ್ಕೆ ಬರುವುದಿಲ್ಲ. ಕೆಲವರಿಗೆ ತಿಂಗಳುಗಟ್ಟಲೆ ಭಜನೆಯ ಸದ್ದೇ ಬೇಡವಾಗಿರುತ್ತದೆ, ಅದೂ ಸರಿಯೇ. ನಿದ್ದೆ, ಊಟ ಎರಡೂ ಬಿಟ್ಟುಹೋಗಿದ್ದರೆ, ಬದುಕೇ ಬೇಡ ಅನ್ನಿಸುತ್ತಿದ್ದರೆ ಭಜನೆಯೊಂದನ್ನೇ ನೆಚ್ಚಿಕೊಳ್ಳಬೇಡಿ, ಡಾಕ್ಟರ ಹತ್ತಿರ ಹೋಗಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲಾದರೂ ಫೋನ್ ಮಾಡಬಹುದು. ಖರ್ಚಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ನೀವು ಮುಂದಿನ ಅಮಾವಾಸ್ಯೆಗೂ ಹೋಗಿ. ಅಪ್ಪನಿಗೆ ಇಷ್ಟವಾದ ಪದ ಯಾವುದಾದರೂ ಇದ್ದರೆ ಅದನ್ನು ಹಾಡಿ ಅಂತ ಮೇಳದವರನ್ನು ಕೇಳಿ. ನಡುವೆ ಅಳು ಬಂದರೆ ಅತ್ತುಬಿಡಿ, ಆ ಸಾಲನ್ನು ಪಕ್ಕದವರು ಹಾಡುತ್ತಾರೆ.