ಮಾಲ್ಡೀವ್ಸ್‌ನಲ್ಲಿ ಮಳೆಗೆ ಬರವಿಲ್ಲ, ಕುಡಿಯುವ ನೀರಿಗೆ ಯಾಕೆ?

ಪ್ರಶ್ನೆ: ಮಾಲ್ಡೀವ್ಸ್‌ನಲ್ಲಿ ಚೆನ್ನಾಗಿ ಮಳೆ ಬರುತ್ತೆ, ನಾಲ್ಕಡಿ ತೋಡಿದರೆ ಬಾವಿ ನೀರೂ ಸಿಗುತ್ತಂತೆ. ಆದರೂ ಸಮುದ್ರದ ನೀರನ್ನೇ ಸಿಹಿ ಮಾಡಿ ಕುಡಿಯುತ್ತಾರಲ್ಲ, ಯಾಕೆ?

ಮಳೆ ಬರುವುದು ನಿಜ, ವರ್ಷಕ್ಕೆ ಸುಮಾರು 2,000 ಮಿಲಿಮೀಟರ್. ಅದನ್ನು ಹಿಡಿದಿಡಲು ಜಾಗ ಇಲ್ಲ, ತೊಂದರೆ ಅದು. ಇರುವುದೆಲ್ಲ ಸಣ್ಣ ಸಣ್ಣ ದ್ವೀಪ, ಸುಮಾರು 1,200. ಬೆಟ್ಟವಿಲ್ಲ, ಹೊಳೆಯಿಲ್ಲ, ನೆಲ ಸಮುದ್ರಕ್ಕಿಂತ ಒಂದೆರಡು ಮೀಟರ್ ಎತ್ತರ ಅಷ್ಟೆ. ಅಣೆಕಟ್ಟು ಎಲ್ಲಿ ಕಟ್ಟುತ್ತೀರಿ?

ಇನ್ನು ಬಾವಿ. ಹವಳದ ಮರಳಿಗೆ ಇಳಿದ ಮಳೆನೀರು ಅಡಿಯಲ್ಲಿರುವ ಉಪ್ಪುನೀರಿನ ಮೇಲೆ ತೇಲಿಕೊಂಡಿರುತ್ತದೆ, ಯಾಕೆಂದರೆ ಸಿಹಿನೀರು ಹಗುರ. ಲೆಕ್ಕದಲ್ಲಿ ಹೇಳುವುದಾದರೆ ಸಮುದ್ರಮಟ್ಟಕ್ಕಿಂತ ಒಂದಡಿ ಮೇಲೆ ಸಿಹಿನೀರಿದ್ದರೆ ಕೆಳಗೆ ಸುಮಾರು 40 ಅಡಿ ಇರುತ್ತದೆ. ಖುಷಿಯ ಲೆಕ್ಕ ಅನ್ನಿಸುತ್ತೆ ಅಲ್ವಾ? ಆದರೆ ಪಂಪ್ ಹಾಕಿ ಜಾಸ್ತಿ ಎತ್ತಿ ಮೇಲಿನ ಮಟ್ಟ ಒಂದಿಂಚು ಇಳಿಸಿದರೆ, ಅದೇ ಲೆಕ್ಕದಲ್ಲಿ ಕೆಳಗಿನಿಂದ ಉಪ್ಪು 40 ಇಂಚು ಮೇಲೇರುತ್ತದೆ. ಸಾಲದ್ದಕ್ಕೆ ಮನೆಯ ಬಾವಿಯೂ ಪಾಯಿಖಾನೆ ಗುಂಡಿಯೂ ಅಕ್ಕಪಕ್ಕ, ನಡುವೆ ಬರೀ ಮರಳು. 1978ರಲ್ಲಿ ಅಲ್ಲಿ ಕಾಲರಾ ಹಬ್ಬಿತ್ತು. 2004ರ ಸುನಾಮಿ ಎಷ್ಟೋ ದ್ವೀಪಗಳ ಬಾವಿಗಳಿಗೆ ನೇರವಾಗಿ ಸಮುದ್ರವನ್ನೇ ಸುರಿಯಿತು.

ಮಳೆನೀರನ್ನು ಮಾಡಿನಿಂದ ಟ್ಯಾಂಕಿಗೆ ಹಿಡಿಯುತ್ತಾರೆ, ಚಿಕ್ಕ ದ್ವೀಪಗಳಲ್ಲಿ ಕುಡಿಯಲು ಅದೇ ಇಷ್ಟ. ಆದರೆ ಜನವರಿಯಿಂದ ಏಪ್ರಿಲ್‌ವರೆಗೆ ಮಳೆ ಕಡಿಮೆ. ಟ್ಯಾಂಕ್ ಬರಿದಾದರೆ ದೋಣಿಯಲ್ಲಿ ನೀರು ತರಿಸಬೇಕು.

ಹಾಗಾಗಿ ರಾಜಧಾನಿ ಮಾಲೆಯಲ್ಲಿ 1988ರಿಂದ ಸಮುದ್ರದ ನೀರನ್ನು ಸಿಹಿ ಮಾಡುವ ಘಟಕ. ನಮ್ಮ ಅಡುಗೆಮನೆಯ ಆರ್‌ಓ ಥರದ್ದೇ ಕೆಲಸ, ಆದರೆ ಇಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಉಪ್ಪು ತೆಗೆಯಬೇಕು, ಅದಕ್ಕೆ ಸಿಕ್ಕಾಪಟ್ಟೆ ಒತ್ತಡ ಬೇಕು, ಒತ್ತಡಕ್ಕೆ ಕರೆಂಟ್ ಬೇಕು, ಕರೆಂಟಿಗೆ ಹೆಚ್ಚಾಗಿ ಡೀಸೆಲ್ಲೇ ಗತಿ, ಆ ಡೀಸೆಲ್ ಹೊರದೇಶದಿಂದ ಹಡಗಿನಲ್ಲಿ ಬರಬೇಕು.

2014ರ ಡಿಸೆಂಬರ್ 4ರಂದು ಆ ಘಟಕಕ್ಕೆ ಬೆಂಕಿ ಬಿತ್ತು. ಲಕ್ಷಕ್ಕೂ ಹೆಚ್ಚು ಜನರ ನಲ್ಲಿ ನಿಂತಿತು. ಭಾರತದ ವಾಯುಪಡೆ ವಿಮಾನಗಳಲ್ಲಿ ನೀರು ಹೊತ್ತೊಯ್ದಿತು. ನೌಕಾಪಡೆಯ ಐಎನ್‌ಎಸ್ ಸುಕನ್ಯಾ ಮಾಲೆಗೆ ಹೋಯಿತು, ಹಡಗಿನಲ್ಲೇ ಸಮುದ್ರದ ನೀರನ್ನು ಸಿಹಿ ಮಾಡುವ ಯಂತ್ರಗಳಿದ್ದವು.