ಗಟ್ಟಿ ಬಂಧ, ಸಡಿಲ ಬಂಧ: ಯೂರಿಯಾ ಬಿಡಿಸಿ ತೋರಿಸಿದ ಗಂಟು

ಪ್ರೋಟೀನ್‌ಗಳ ಜೊತೆ ಕೆಲಸ ಮಾಡುವ ಪ್ರಯೋಗಾಲಯಗಳಲ್ಲಿ, ಅವುಗಳ ಮಡಿಕೆ ಬಿಚ್ಚಲು ಬಳಸುವ ಯೂರಿಯಾ ದ್ರಾವಣವನ್ನು ಬೇಕಾದ ದಿನವೇ ತಯಾರಿಸಿಕೊಳ್ಳುತ್ತಾರೆ. ಕರಗುವುದು ನಿಧಾನವಾಯಿತೆಂದು ಅದನ್ನು ಬಿಸಿಗಿಡುವುದಿಲ್ಲ. ಅವಸರಕ್ಕೆ ಕಾಯಿಸಿದ, ಇಲ್ಲವೇ ವಾರಗಟ್ಟಲೆ ಶೀಷೆಯಲ್ಲಿ ಕೂತ ದ್ರಾವಣಕ್ಕೆ ಪ್ರೋಟೀನ್ ಹಾಕಿದರೆ ಅದರ ಅಣುತೂಕ 43, 86, 129 ಡಾಲ್ಟನ್ (ಅಣುತೂಕದ ಏಕಮಾನ) ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಏರಿರುತ್ತದೆ. ಈ ಕಿರಿಕಿರಿಗೆ ಕಾರಣವಾದ ರಾಸಾಯನಿಕ ಕ್ರಿಯೆ 1828ರಷ್ಟು ಹಳೆಯದು. ಜೀವದ ಅಣುಗಳನ್ನು ಹಿಡಿದಿಟ್ಟಿರುವುದು ಏನು ಎಂಬ ಪ್ರಶ್ನೆಯ ಇತಿಹಾಸದಲ್ಲಿ ಯೂರಿಯಾ ಮತ್ತೆ ಮತ್ತೆ ಎದುರಾಗುತ್ತದೆ. ಅದರ ಬೆನ್ನು ಹಿಡಿದೇ ಹೋಗೋಣ.

1828ರಲ್ಲಿ ಬರ್ಲಿನ್ನಿನಲ್ಲಿದ್ದ ಫ್ರೀಡ್ರಿಕ್ ವೋಲರ್ ಅಮೋನಿಯಂ ಸಯನೇಟ್ ಎಂಬ ಲವಣ ಮಾಡಲು ಹೊರಟಿದ್ದ. ಬೆಳ್ಳಿಯ ಸಯನೇಟಿಗೆ ಅಮೋನಿಯಂ ಕ್ಲೋರೈಡ್ ಸೇರಿಸಿದ. ಸೀಸದ ಸಯನೇಟಿಗೆ ಅಮೋನಿಯಾ ಹಾಕಿಯೂ ನೋಡಿದ. ಎರಡೂ ಸಲ ಸಿಕ್ಕಿದ್ದು ಸಯನೇಟಿನ ಗುಣವಿಲ್ಲದ ಬಿಳಿ ಹರಳು. ಮೂತ್ರದಿಂದ ಬೇರ್ಪಡಿಸಿದ ಯೂರಿಯಾದ ಪಕ್ಕದಲ್ಲಿಟ್ಟು ನೋಡಿದರೆ ಎರಡೂ ಒಂದೇ. ದೇಹದೊಳಗಿನ ವಸ್ತುಗಳನ್ನು ಮಾಡಲು 'ಜೀವಶಕ್ತಿ' ಬೇಕೆಂಬ ನಂಬಿಕೆ ಆ ಕ್ಷಣಕ್ಕೇ ಸತ್ತಿತೆಂದು ಪಠ್ಯಪುಸ್ತಕಗಳು ಹೇಳುತ್ತವೆ. ಅದು ಉತ್ಪ್ರೇಕ್ಷೆ, ಆ ನಂಬಿಕೆ ಇನ್ನೂ ಹಲವು ದಶಕ ಉಸಿರಾಡಿಕೊಂಡಿತ್ತು. ವೋಲರನ ಫಲಿತಾಂಶದಲ್ಲಿ ರಸಾಯನಶಾಸ್ತ್ರಕ್ಕೆ ಹೆಚ್ಚು ಮುಖ್ಯವಾದ ಸಂಗತಿ ಬೇರೆ. ಅಮೋನಿಯಂ ಸಯನೇಟಿನಲ್ಲೂ ಯೂರಿಯಾದಲ್ಲೂ ಇರುವುದು ಅವೇ ಎಂಟು ಪರಮಾಣುಗಳು: ಒಂದು ಕಾರ್ಬನ್, ಒಂದು ಆಮ್ಲಜನಕ, ಎರಡು ಸಾರಜನಕ, ನಾಲ್ಕು ಜಲಜನಕ. ಲೆಕ್ಕ ಒಂದೇ ಆದರೂ ವಸ್ತು ಬೇರೆ. ಅಂದರೆ ಯಾವ ಪರಮಾಣು ಎಷ್ಟಿದೆ ಎಂದು ಎಣಿಸಿದರೆ ಸಾಲದು, ಯಾವುದು ಯಾವುದಕ್ಕೆ ಕಟ್ಟಿಕೊಂಡಿದೆ ಎಂದು ಗೊತ್ತಾಗಬೇಕು.

ಆ ಕಟ್ಟಿನ ಲೆಕ್ಕ ಸಿಗಲು ಮೂವತ್ತು ವರ್ಷ ಹಿಡಿಯಿತು. ಪ್ರತಿ ಧಾತುವಿಗೂ ಇಷ್ಟೇ ಎಂಬ ಕೂಡುವ ಸಾಮರ್ಥ್ಯವಿದೆ ಎಂದು ಎಡ್ವರ್ಡ್ ಫ್ರಾಂಕ್‌ಲೆಂಡ್ 1852ರಲ್ಲಿ ಹೇಳಿದ. ಕಾರ್ಬನ್ನಿಗೆ ನಾಲ್ಕು ಕೈ, ಮತ್ತು ಅದು ತನ್ನದೇ ಜಾತಿಯ ಪರಮಾಣುಗಳ ಕೈ ಹಿಡಿದು ಸರಪಳಿಯಾಗಬಲ್ಲದು ಎಂದು 1858ರಲ್ಲಿ ಆಗಸ್ಟ್ ಕೆಕುಲೆ ಮತ್ತು ಆರ್ಚಿಬಾಲ್ಡ್ ಕೂಪರ್ ಬೇರೆಬೇರೆಯಾಗಿ ತೋರಿಸಿದರು. ಪರಮಾಣುಗಳ ನಡುವೆ ಗೆರೆ ಎಳೆದು ತೋರಿಸಿದವನು ಕೂಪರ್. 1874ರಲ್ಲಿ ವಾಂಟ್ ಹಾಫ್ ಮತ್ತು ಲೆ ಬೆಲ್, ಆ ನಾಲ್ಕು ಕೈಗಳು ಕಾಗದದ ಮೇಲಿನಂತೆ ಚಪ್ಪಟೆಯಾಗಿಲ್ಲ, ಚತುರ್ಮುಖಿಯ (ನಾಲ್ಕು ತ್ರಿಕೋನ ಮುಖಗಳ ಘನಾಕೃತಿ) ಮೂಲೆಗಳತ್ತ ಚಾಚಿವೆ ಎಂದರು. ನಾಲ್ಕು ಕೈಗೂ ನಾಲ್ಕು ಬೇರೆ ಗುಂಪುಗಳಿದ್ದರೆ ಎಡಗೈ, ಬಲಗೈಯಂತೆ ಎರಡು ರೂಪ ಬರುತ್ತದೆ. ಜೀವಿಗಳು ಪ್ರೋಟೀನ್ ಕಟ್ಟಲು ಬಳಸುವ ಅಮೈನೋ ಆಮ್ಲಗಳು ಅದರಲ್ಲಿ ಎಡಗೈ ರೂಪದವು. ಎರಡು ರೂಪವೇ ಇಲ್ಲದ ಗ್ಲೈಸಿನ್ ಮಾತ್ರ ಇದಕ್ಕೆ ಹೊರತು. ಹಿರಿಯ ರಸಾಯನಜ್ಞ ಹರ್ಮನ್ ಕೋಲ್ಬೆ, ಪಶುವೈದ್ಯ ಶಾಲೆಯಲ್ಲಿ ಕೆಲಸ ಮಾಡುವವನ ಕಲ್ಪನಾವಿಲಾಸ ಎಂದು ವಾಂಟ್ ಹಾಫನನ್ನು ಹೀಯಾಳಿಸಿದ. ಅದೇ ವಾಂಟ್ ಹಾಫ್‌ಗೆ 1901ರಲ್ಲಿ ರಸಾಯನಶಾಸ್ತ್ರದ ಮೊದಲ ನೊಬೆಲ್ ಸಿಕ್ಕಿತು.

ಗೆರೆ ಎಂದರೆ ನಿಜವಾಗಿ ಏನು ಎಂಬುದಕ್ಕೆ ಉತ್ತರ ಕೊಟ್ಟವನು ಗಿಲ್ಬರ್ಟ್ ಲೂಯಿಸ್, 1916ರಲ್ಲಿ: ಎರಡು ಪರಮಾಣುಗಳು ಹಂಚಿಕೊಂಡ ಒಂದು ಜೋಡಿ ಎಲೆಕ್ಟ್ರಾನ್. ಇದಕ್ಕೆ ಕೋವೇಲೆಂಟ್, ಅಂದರೆ ಸಹವೇಲೆನ್ಸೀಯ ಬಂಧ ಎಂಬ ಹೆಸರು 1919ರಲ್ಲಿ ಲ್ಯಾಂಗ್‌ಮ್ಯೂರ್‌ನಿಂದ ಬಂತು. ಜೀವಕ್ಕೆ ಕಾರ್ಬನ್ನೇ ಏಕೆ ಬೇಕಾಯಿತು ಎಂಬುದು ಈ ಜೋಡಿಗಳ ಬಲದಲ್ಲಿ ಕಾಣುತ್ತದೆ. ಒಂದು ಮೋಲ್ (ಅಣು, ಬಂಧಗಳನ್ನು ಎಣಿಸುವ ಏಕಮಾನ) ಕಾರ್ಬನ್–ಕಾರ್ಬನ್ ಬಂಧ ಮುರಿಯಲು ಸುಮಾರು 350 ಕಿಲೋಜೂಲ್ ಬೇಕು. ಸಾರಜನಕ–ಸಾರಜನಕ ಏಕಬಂಧಕ್ಕೆ ಸುಮಾರು 160, ಆಮ್ಲಜನಕ–ಆಮ್ಲಜನಕಕ್ಕೆ ಸುಮಾರು 145 ಸಾಕು. ಅವುಗಳ ಉದ್ದನೆಯ ಸರಪಳಿ ಬಾಳುವುದಿಲ್ಲ. ಸಿಲಿಕಾನಿಗೂ ನಾಲ್ಕು ಕೈಯಿದೆ ನಿಜ. ಆದರೆ ಅದು ತನ್ನವರಿಗಿಂತ ಆಮ್ಲಜನಕವನ್ನು ಎಷ್ಟೋ ಬಿಗಿಯಾಗಿ ಹಿಡಿಯುತ್ತದೆ. ಆಮ್ಲಜನಕ ಸಿಕ್ಕಿದರೆ ಅದು ಮರಳಾಗಿ ಕೂತುಬಿಡುತ್ತದೆ. ಕಾರ್ಬನ್ನಿನ ಆಕ್ಸೈಡ್ ಮಾತ್ರ ನೀರಿನಲ್ಲಿ ಕರಗಿ, ಗಾಳಿಯಲ್ಲಿ ತೇಲಿ, ಮತ್ತೆ ಬಳಕೆಗೆ ಸಿಗುವ ಅನಿಲ.

ಜೀವದ ಇಟ್ಟಿಗೆಗಳಲ್ಲಿ ಅಮೈನೋ ಆಮ್ಲ, ಸಕ್ಕರೆ, ನ್ಯೂಕ್ಲಿಯೊಟೈಡ್ (ಡಿಎನ್‌ಎಯ ಘಟಕ) ಮೂರನ್ನೂ ಒಂದೇ ಉಪಾಯದಿಂದ ಪೋಣಿಸಲಾಗುತ್ತದೆ: ಪ್ರತಿ ಜೋಡಣೆಗೂ ಒಟ್ಟಾರೆ ಒಂದು ನೀರಿನ ಅಣು ಹೊರಬೀಳುತ್ತದೆ. ಕೊಬ್ಬಿನಾಮ್ಲಗಳು ಗ್ಲಿಸರಾಲಿಗೆ ಅಂಟುವುದೂ ಹೀಗೆಯೇ. ಅಮೈನೋ ಆಮ್ಲಗಳ ಜೋಡಣೆಯನ್ನು ಎಮಿಲ್ ಫಿಷರ್ ಮತ್ತು ಫ್ರಾಂಜ್ ಹಾಫ್‌ಮೈಸ್ಟರ್ 1902ರಲ್ಲಿ ಕಾರ್ಲ್ಸ್‌ಬಾಡ್‌ನ ಒಂದೇ ಸಭೆಯಲ್ಲಿ, ಒಂದೇ ದಿನ ಮುಂದಿಟ್ಟರು. ಒಂದರ ಕಾರ್ಬಾಕ್ಸಿಲ್ ತುದಿ, ಇನ್ನೊಂದರ ಅಮೈನೋ ತುದಿ ಸೇರಿ ಆಗುವ ಪೆಪ್ಟೈಡ್ ಬಂಧ ಅದು. 1907ರ ಹೊತ್ತಿಗೆ ಫಿಷರ್ 15 ಗ್ಲೈಸಿನ್, 3 ಲ್ಯೂಸಿನ್ ಪೋಣಿಸಿ 18 ಮಣಿಗಳ ಸರ ಮಾಡಿದ್ದ.

ಈ ಬಂಧದ ಸ್ವಭಾವ ವಿಚಿತ್ರ. ಶಕ್ತಿಯ ಲೆಕ್ಕದಲ್ಲಿ ಅದು ನೀರಿನಲ್ಲಿ ಮುರಿಯುವತ್ತಲೇ ವಾಲಿದೆ. ಆದರೂ ತಟಸ್ಥ ನೀರಿನಲ್ಲಿ, ಕೋಣೆಯ ಉಷ್ಣಾಂಶದಲ್ಲಿ, ಅರ್ಧದಷ್ಟು ಮುರಿಯಲು ನೂರಾರು ವರ್ಷ ಬೇಕು. ಪ್ರಯೋಗಾಲಯದಲ್ಲಿ ಪೂರ್ತಿ ಮುರಿಯಬೇಕಾದರೆ 6 ನಾರ್ಮಲ್ ಸಾಂದ್ರತೆಯ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ, ಗಾಳಿ ತೆಗೆದು ಮುಚ್ಚಿದ ಗಾಜಿನ ಕೊಳವೆಯಲ್ಲಿ, 110 ಡಿಗ್ರಿಯಲ್ಲಿ 24 ಗಂಟೆ ಇಡುವುದು ರೂಢಿ. ಗಾಳಿ ಉಳಿದರೆ ಕೆಲವು ಅಮೈನೋ ಆಮ್ಲಗಳು ಉತ್ಕರ್ಷಣಗೊಂಡು ಲೆಕ್ಕ ತಪ್ಪುತ್ತದೆ. ಎಷ್ಟೇ ಎಚ್ಚರ ವಹಿಸಿದರೂ ಟ್ರಿಪ್ಟೋಫಾನ್ ಹಾಳಾಗುತ್ತದೆ, ಆಸ್ಪರಜಿನ್ ಮತ್ತು ಗ್ಲುಟಮಿನ್ ತಮ್ಮ ಆಮ್ಲರೂಪಕ್ಕೆ ಇಳಿಯುತ್ತವೆ. ಹೊಟ್ಟೆ ಮತ್ತು ಕರುಳಿನ ಕಿಣ್ವಗಳು ಇದೇ ಕೆಲಸವನ್ನು ದೇಹದ ಉಷ್ಣಾಂಶದಲ್ಲಿ ಕೆಲವೇ ಗಂಟೆಗಳಲ್ಲಿ ಮುಗಿಸುತ್ತವೆ.

ಆದರೆ ಆ ಕಿಣ್ವ ಎಂಬುದೇ ಏನು? 1920ರ ದಶಕದಲ್ಲೂ ಅನೇಕರು ಪ್ರೋಟೀನ್ ಎಂದರೆ ಸಣ್ಣ ಅಣುಗಳು ಅಂಟಿಕೊಂಡ ಕಲಸುಮೇಲೋಗರ ಎಂದುಕೊಂಡಿದ್ದರು. ಸಾವಿರಾರು ಪರಮಾಣುಗಳು ಸಹವೇಲೆನ್ಸೀಯ ಬಂಧದಲ್ಲೇ ಸೇರಿದ ದೈತ್ಯ ಅಣುಗಳಿವೆ ಎಂದು 1920ರಿಂದ ವಾದಿಸಿದ ಹರ್ಮನ್ ಸ್ಟೌಡಿಂಗರ್‌ಗೆ ಸಹೋದ್ಯೋಗಿಗಳಿಂದ ಸಿಕ್ಕಿದ್ದು ಹೆಚ್ಚಾಗಿ ಅನುಮಾನ. 1926ರಲ್ಲಿ ಜೇಮ್ಸ್ ಸಮ್ನರ್ ಜ್ಯಾಕ್ ಬೀನ್ ಕಾಳಿನ ಹಿಟ್ಟನ್ನು ನೀರು ಬೆರೆಸಿದ ಅಸಿಟೋನಿನಲ್ಲಿ ಕದಡಿ, ಸೋಸಿ, ರಾತ್ರಿ ತಣ್ಣಗಿಟ್ಟು, ಒಂದು ಕಿಣ್ವವನ್ನು ಮೊದಲ ಬಾರಿಗೆ ಹರಳಾಗಿ ಪಡೆದ. ಹರಳು ಅಪ್ಪಟ ಪ್ರೋಟೀನ್. ಅದು ಒಡೆಯುವ ವಸ್ತು ಯಾವುದೆಂದರೆ ಅದೇ ಯೂರಿಯಾ. ಕಿಣ್ವದ ಹೆಸರು ಯೂರಿಯೇಸ್.

ಇಷ್ಟು ಹೊತ್ತಿಗೆ ಸರವನ್ನು ಹಿಡಿದ ಗಟ್ಟಿ ಬಂಧ ತಿಳಿದಿತ್ತು. ಆದರೆ ಉದ್ದನೆಯ ಸರ ಪ್ರತಿಸಲವೂ ಒಂದೇ ಆಕಾರಕ್ಕೆ ಮಡಚಿಕೊಳ್ಳುವುದೇಕೆ, ಮೊಟ್ಟೆಯ ಬಿಳಿ ಬಿಸಿಗೆ ಹೆಪ್ಪುಗಟ್ಟುವುದೇಕೆ ಎಂಬುದಕ್ಕೆ ಅದರಲ್ಲಿ ಉತ್ತರವಿರಲಿಲ್ಲ. ಕುದಿಯುವ ಶಾಖಕ್ಕೆ ಪೆಪ್ಟೈಡ್ ಬಂಧ ಜಗ್ಗುವುದಿಲ್ಲ, ಆದರೂ ಪ್ರೋಟೀನ್ ಕೆಟ್ಟುಹೋಗುತ್ತದೆ. ಸುಳಿವು ನೀರಿನಲ್ಲೇ ಇತ್ತು. ಹೈಡ್ರೋಜನ್ ಸಲ್ಫೈಡ್ ಸೊನ್ನೆಗಿಂತ 60 ಡಿಗ್ರಿ ಕೆಳಗೇ ಕುದಿಯುವಾಗ, ಅದಕ್ಕಿಂತ ಹಗುರವಾದ ನೀರು 100ರವರೆಗೆ ಕಾಯುತ್ತದೆ. ಒಂದು ಅಣುವಿನ ಜಲಜನಕ ಪಕ್ಕದ ಅಣುವಿನ ಆಮ್ಲಜನಕದತ್ತ ಎಳೆಯಲ್ಪಡುವುದೇ ಕಾರಣ ಎಂದು ಲ್ಯಾಟಿಮರ್ ಮತ್ತು ರೋಡ್‌ಬುಷ್ 1920ರಲ್ಲಿ ಬರೆದರು. ಈ ಜಲಜನಕ ಬಂಧದ ಬಲ ಮೋಲಿಗೆ ಸುಮಾರು 20 ಕಿಲೋಜೂಲ್. ದೇಹದ ಉಷ್ಣಾಂಶದಲ್ಲಿ ಅಣುಗಳ ತಳಮಳದ ಶಕ್ತಿ ಸುಮಾರು 2.6. ಗಟ್ಟಿ ಬಂಧಕ್ಕೆ ಈ ತಳಮಳ ಲೆಕ್ಕಕ್ಕಿಲ್ಲ. ಜಲಜನಕ ಬಂಧ ಮಾತ್ರ ಅದಕ್ಕೆ ಕ್ಷಣಕ್ಷಣವೂ ಬಿಚ್ಚಿ ಮತ್ತೆ ಕಟ್ಟಿಕೊಳ್ಳುತ್ತದೆ. ಮಡಿಕೆಯನ್ನು ಹಿಡಿದಿರುವುದು ಇಂಥ ಬಂಧಗಳು, ಪ್ರೋಟೀನ್ ಕೆಡುವುದೆಂದರೆ ಇವು ಕಳಚುವುದು ಎಂದು ಮಿರ್ಸ್ಕಿ ಮತ್ತು ಲೈನಸ್ ಪಾಲಿಂಗ್ 1936ರಲ್ಲಿ ಹೇಳಿದರು. ನನ್ನ ಮಟ್ಟಿಗೆ ಈ ಇತಿಹಾಸ ತಿರುವು ಪಡೆದಿದ್ದು ಇಲ್ಲಿ: ನೂರು ವರ್ಷ ಗಟ್ಟಿ ಬಂಧವನ್ನೇ ಬೆನ್ನಟ್ಟಿದ ಶಾಸ್ತ್ರಕ್ಕೆ, ಜೀವದ ಆಕಾರವನ್ನು ಸಡಿಲ ಬಂಧಗಳು ತೀರ್ಮಾನಿಸುತ್ತವೆ ಎಂದು ಆಗ ಕಂಡಿತು.

ಹಾಗೆಂದು ಗಟ್ಟಿ ಬಂಧದ ವಿವರ ತಪ್ಪಿದರೂ ನಡೆಯುವುದಿಲ್ಲ. 1950ರಲ್ಲಿ ಕೇಂಬ್ರಿಜ್‌ನ ಬ್ರ್ಯಾಗ್, ಕೆಂಡ್ರೂ, ಪೆರುಟ್ಜ್ ಪ್ರೋಟೀನ್ ಸರದ ಸುರುಳಿಗಳ ದೊಡ್ಡ ಪಟ್ಟಿಯನ್ನೇ ಪ್ರಕಟಿಸಿದರು; ಒಂದೂ ಸರಿಯಿರಲಿಲ್ಲ. ಪೆಪ್ಟೈಡ್ ಗುಂಪಿನ ಕಾರ್ಬನ್–ಸಾರಜನಕ ಬಂಧ ಸುತ್ತಬಹುದು ಎಂದು ಅವರು ಬಿಟ್ಟುಕೊಟ್ಟಿದ್ದರು, ಸುರುಳಿಯ ಒಂದೊಂದು ಸುತ್ತಿನಲ್ಲೂ ಪೂರ್ಣಸಂಖ್ಯೆಯ ಮಣಿಗಳೇ ಇರಬೇಕೆಂದೂ ಹಿಡಿದಿದ್ದರು. ಆ ಬಂಧದ ಉದ್ದ 1.32 ಆಂಗ್‌ಸ್ಟ್ರಾಮ್ (ಮೀಟರಿನ ಸಾವಿರ ಕೋಟಿಯ ಒಂದು ಪಾಲು), ಸಾಮಾನ್ಯ ಏಕಬಂಧವಾದರೆ 1.47 ಇರಬೇಕಿತ್ತು. ಅಂದರೆ ಅದು ಅರೆ ದ್ವಿಬಂಧ, ಸುತ್ತುವುದಿಲ್ಲ. ಗುಂಪು ಚಪ್ಪಟೆಯಾಗಿಯೇ ಇರುತ್ತದೆ. ಯೂರಿಯಾದ ಅಣು ಹರಳಿನಲ್ಲಿ ಚಪ್ಪಟೆಯಾಗಿರುವುದಕ್ಕೂ ಇದೇ ಕಾರಣ. 1951ರಲ್ಲಿ ಪಾಲಿಂಗ್, ಕೋರಿ, ಬ್ರ್ಯಾನ್ಸನ್ ಈ ಕಟ್ಟುಪಾಡನ್ನು ಹಿಡಿದು ಆಲ್ಫಾ ಸುರುಳಿ ಕೊಟ್ಟರು: ಒಂದು ಸುತ್ತಿನಲ್ಲಿ 3.6 ಅಮೈನೋ ಆಮ್ಲ, ಏರಿಕೆ 5.4 ಆಂಗ್‌ಸ್ಟ್ರಾಮ್, ಪ್ರತಿ ಸಾರಜನಕದ ಜಲಜನಕ ನಾಲ್ಕು ಮಣಿ ಹಿಂದಿನ ಆಮ್ಲಜನಕಕ್ಕೆ ಕಟ್ಟಿಕೊಂಡಿದೆ. ಈ ಚಪ್ಪಟೆ ಗುಂಪುಗಳ ಎರಡೂ ಕಡೆ ಉಳಿದ ಎರಡು ಕೋನಗಳು ಎಲ್ಲೆಲ್ಲಿ ನಿಲ್ಲಬಹುದು ಎಂಬ ನಕ್ಷೆಯನ್ನು 1963ರಲ್ಲಿ ಮದ್ರಾಸಿನ ಜಿ. ಎನ್. ರಾಮಚಂದ್ರನ್, ರಾಮಕೃಷ್ಣನ್, ಶಶಿಶೇಖರನ್ ಬರೆದರು. ಹೊಸ ಪ್ರೋಟೀನ್ ರಚನೆ ಸರಿಯಿದೆಯೇ ಎಂದು ಇಂದಿಗೂ ಅದರ ಮೇಲಿಟ್ಟು ನೋಡುತ್ತಾರೆ.

ಡಿಎನ್‌ಎ ವಿಷಯದಲ್ಲಿ ಎಡವಿದ್ದು ಪಾಲಿಂಗ್‌ನ ಸರದಿ. 1953ರ ಆರಂಭದಲ್ಲಿ ಆತ ಕೊಟ್ಟ ಮೂರೆಳೆಯ ಮಾದರಿಯಲ್ಲಿ ಫಾಸ್ಫೇಟ್‌ಗಳು ಒಳಗಿದ್ದು, ಅವುಗಳ ಮೇಲೆ ಜಲಜನಕ ಉಳಿದುಕೊಂಡು ಎಳೆಗಳನ್ನು ಕಟ್ಟುತ್ತಿದ್ದವು. ಜೀವಕೋಶದ ಪಿಎಚ್‌ನಲ್ಲಿ ಫಾಸ್ಫೇಟ್ ಆ ಜಲಜನಕವನ್ನು ಬಿಟ್ಟು ಋಣ ಆವೇಶದಲ್ಲಿರುತ್ತದೆ. ಹಾಗಿದ್ದರೆ ಎಳೆಗಳು ಪರಸ್ಪರ ದೂಡಿಕೊಳ್ಳಬೇಕಿತ್ತು. ಕ್ರಿಕ್ ಜೊತೆ ಸರಿಯಾದ ಎರಡೆಳೆಯ ಮಾದರಿ ಕೊಟ್ಟ ವಾಟ್ಸನ್ ಕೂಡ ಮೊದಲು ಪುಸ್ತಕಗಳಲ್ಲಿದ್ದ ತಪ್ಪು ರೂಪದ ಪ್ರತ್ಯಾಮ್ಲಗಳನ್ನೇ (ಎಳೆಗಳ ನಡುವೆ ಜೋಡಿಯಾಗುವ ಭಾಗಗಳು) ಜೋಡಿಸುತ್ತಿದ್ದ; ಜಲಜನಕ ಕೂರುವ ಜಾಗ ಬೇರೆ ಎಂದು ಜೆರ್ರಿ ಡೊನೊಹ್ಯೂ ತಿದ್ದಿದ ಮೇಲೆಯೇ ಜೋಡಿ ಕೂಡಿಬಂತು.

ಮಡಿಕೆಯ ಪ್ರಶ್ನೆಗೆ ಯೂರಿಯಾದಿಂದಲೇ ಉತ್ತರ ಹೊರಡಿಸಿದವನು ಕ್ರಿಶ್ಚಿಯನ್ ಆನ್ಫಿನ್ಸೆನ್. ಆತ ಹಿಡಿದದ್ದು ರೈಬೋನ್ಯೂಕ್ಲಿಯೇಸ್ ಕಿಣ್ವವನ್ನು: 124 ಅಮೈನೋ ಆಮ್ಲ, ನಾಲ್ಕು ಗಂಧಕ–ಗಂಧಕ ಬಂಧ. ಯೂರಿಯಾ ಸಡಿಲ ಬಂಧಗಳನ್ನು ಕಳಚುತ್ತದೆ, ಮರ್ಕಾಪ್ಟೊ-ಎಥನಾಲ್ ಗಂಧಕದ ಬಂಧಗಳನ್ನು ಬಿಡಿಸುತ್ತದೆ. ಎರಡನ್ನೂ ಹಾಕಿದರೆ ಬರೀ ದಾರ ಉಳಿಯುತ್ತದೆ. ಎರಡನ್ನೂ ತೆಗೆದು ಗಾಳಿಗೆ ಬಿಟ್ಟಾಗ ಕಿಣ್ವ ಹೆಚ್ಚುಕಡಿಮೆ ಪೂರ್ತಿ ಚುರುಕಾಗಿ ಎದ್ದಿತು. ಯೂರಿಯಾ ಇರುವಾಗಲೇ ಗಂಧಕಗಳನ್ನು ಕೂಡಿಸಿಬಿಟ್ಟರೆ ಚುರುಕು ಶೇ. 1ರಷ್ಟು ಮಾತ್ರ, ಏಕೆಂದರೆ ಎಂಟು ಗಂಧಕಗಳು 105 ಬಗೆಯಲ್ಲಿ ಜೋಡಿಯಾಗಬಲ್ಲವು, ಸರಿಯಾದದ್ದು ಒಂದೇ. ಮೊದಲು ಸಡಿಲ ಬಂಧಗಳು ಆಕಾರ ಕೊಡಬೇಕು, ಆಮೇಲೆ ಗಟ್ಟಿ ಬಂಧ ಬೀಗ ಹಾಕಬೇಕು. ಇದೆಲ್ಲ ಜಲಜನಕ ಬಂಧದ್ದೇ ಕೆಲಸ ಎಂಬ ಮಾತನ್ನು 1959ರಲ್ಲಿ ವಾಲ್ಟರ್ ಕೌಜ್‌ಮನ್ ತಿದ್ದಿದ: ಬಿಚ್ಚಿದ ಸರವೂ ನೀರಿನೊಡನೆ ಅಷ್ಟೇ ಜಲಜನಕ ಬಂಧ ಮಾಡಿಕೊಳ್ಳುತ್ತದೆ, ಮಡಿಸುವ ಮುಖ್ಯ ಬಲ ಎಣ್ಣೆಯಂಥ ಭಾಗಗಳು ನೀರಿನಿಂದ ಒಳಸೇರುವುದು.

ಈ ಪ್ರಯೋಗಕ್ಕೆ ಬೇಕಾದ 8 ಮೋಲಾರ್ (ಲೀಟರಿಗೆ 8 ಮೋಲ್) ಯೂರಿಯಾ ದ್ರಾವಣ ಮಾಡುವಲ್ಲಿ ಸಾಮಾನ್ಯವಾಗಿ ಆಗುವ ತಪ್ಪು ಒಂದಿದೆ. ಬೇಕಾದದ್ದು ಲೀಟರ್ ದ್ರಾವಣಕ್ಕೆ 480 ಗ್ರಾಂ. ಆದರೆ ಅದನ್ನು ಒಂದು ಲೀಟರ್ ನೀರಿಗೆ ಸುರಿಯಬಾರದು. ಯೂರಿಯಾವೇ ಸುಮಾರು 360 ಮಿಲಿಲೀಟರ್ ಜಾಗ ಹಿಡಿಯುವುದರಿಂದ ದ್ರಾವಣ 6 ಮೋಲಾರ್‌ಗೂ ತಲುಪುವುದಿಲ್ಲ, ಕೆಲವು ಪ್ರೋಟೀನ್‌ಗಳು ಅದರಲ್ಲಿ ಪೂರ್ತಿ ಬಿಚ್ಚಿಕೊಳ್ಳುವುದೇ ಇಲ್ಲ. 600 ಮಿಲಿಲೀಟರ್ ನೀರಿನಿಂದ ಶುರುಮಾಡಿ ಕೊನೆಗೆ ಲೀಟರಿಗೆ ತುಂಬಿಸಬೇಕು. ಕರಗುವಾಗ ಯೂರಿಯಾ ಶಾಖ ಹೀರುತ್ತದೆ, ಪಾತ್ರೆ ಕೈಗೆ ತಣ್ಣಗೆ ತಾಗುತ್ತದೆ, ಕರಗುವ ವೇಗ ಕುಸಿಯುತ್ತದೆ. ಬಿಸಿ ಮಾಡುವ ಆಸೆ ಹುಟ್ಟುವುದು ಆಗಲೇ.

ಮಾಡಿದರೆ ವೋಲರನ ಕ್ರಿಯೆ ಹಿಂದಕ್ಕೆ ನಡೆಯುತ್ತದೆ: ಯೂರಿಯಾ ಒಂದಿಷ್ಟು ಅಮೋನಿಯಂ ಸಯನೇಟಾಗಿ ಮರಳುತ್ತದೆ. ತಣ್ಣಗಿಟ್ಟರೂ ದಿನಗಳೆದಂತೆ ಅದೇ ಆಗುತ್ತದೆ, ನಿಧಾನವಾಗಿ ಅಷ್ಟೆ. ಆ ಸಯನೇಟ್ ಲೈಸಿನ್ ಎಂಬ ಅಮೈನೋ ಆಮ್ಲದ ಪಕ್ಕದ ಅಮೈನೋ ಗುಂಪಿಗೆ, ಸರದ ಮೊದಲ ತುದಿಗೆ ಗಟ್ಟಿಯಾಗಿ ಅಂಟಿ, ಅಂಟಿದಲ್ಲೆಲ್ಲ 43 ಡಾಲ್ಟನ್ ಸೇರಿಸುತ್ತದೆ ಎಂದು ಸ್ಟಾರ್ಕ್, ಸ್ಟೈನ್, ಮೂರ್ 1960ರಲ್ಲಿ ಕಂಡುಕೊಂಡರು. ಸಡಿಲ ಬಂಧ ಕಳಚಲು ಹಾಕಿದ್ದು ಗಟ್ಟಿ ಬಂಧ ಕಟ್ಟಿರುತ್ತದೆ. ಯೂರಿಯಾ ತೊಳೆದರೂ ಅದು ಹೋಗುವುದಿಲ್ಲ. ಟ್ರಿಪ್ಸಿನ್ ಕಿಣ್ವ ಅಂಥ ಲೈಸಿನ್‌ನ ಬಳಿ ಸರವನ್ನು ಕತ್ತರಿಸುವುದೂ ಇಲ್ಲ. ಆದ್ದರಿಂದ ದ್ರಾವಣವನ್ನು ಅಯಾನು ಹೀರುವ ರಾಳದ ಮೂಲಕ ಹಾಯಿಸುತ್ತಾರೆ, ಸಯನೇಟನ್ನು ತನ್ನತ್ತ ಸೆಳೆದುಕೊಳ್ಳಲೆಂದು ಟ್ರಿಸ್‌ನಂಥ ಅಮೈನ್ ಬೆರೆಸುತ್ತಾರೆ, 37 ಡಿಗ್ರಿ ಮೀರಗೊಡುವುದಿಲ್ಲ. ತುಂಬಾ ಹೊತ್ತು ಬಿಚ್ಚಿಡಬೇಕಾದ ಪ್ರೋಟೀನಿಗೆ ಯೂರಿಯಾ ಬಿಟ್ಟು 6 ಮೋಲಾರ್ ಗ್ವಾನಿಡೀನ್ ಹೈಡ್ರೋಕ್ಲೋರೈಡ್ ಬಳಸುತ್ತಾರೆ; ಅದರಿಂದ ಸಯನೇಟ್ ಹುಟ್ಟುವುದಿಲ್ಲ.